ತಿಜೋರಿಯಲ್ಲಿಟ್ಟ ಪ್ರಿಂಟರ್

ಜಗಳ ಶುರುವಾದದ್ದು ಜೂನ್ ಐದರ ಗುರುವಾರ, ಬೆಳಗಿನ ಊಟದ ಹೊತ್ತಿನಲ್ಲಿ. ಯಲಬುರ್ಗಾದ ಬೀಜ-ಗೊಬ್ಬರದ ವ್ಯಾಪಾರಿ ಈಶಪ್ಪನವರು ಎರಡನೇ ರೊಟ್ಟಿ ಮುರಿಯುತ್ತಿದ್ದರು. ಸೊಸೆ ಅಮೃತಾ ಪಲ್ಯ ಬಡಿಸುತ್ತ, ತನ್ನ ಮೂರು ತಿಂಗಳ ಗೌರವಧನ ಒಟ್ಟಿಗೇ ಜಮಾ ಆಗಿದೆ, ಅದರಲ್ಲಿ ಮನೆಗೊಂದು ಪ್ರಿಂಟರ್ ತರಬೇಕೆಂದಿದ್ದೇನೆ, ಸ್ಕ್ಯಾನರ್ ಕೂಡ ಇರುವಂಥದ್ದು ಎಂದಳು. ಈಶಪ್ಪನವರು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟರು.

“ಮನೀ ಅಳಿಯನ ಝರಾಕ್ಸ್ ಅಂಗಡಿ ಐತಿ. ಊರ ಮಂದಿಯೆಲ್ಲ ಅಲ್ಲಿಗೇ ಹೋಗ್ತಾರ. ನಾವ ಮನ್ಯಾಗ ಮಶೀನ್ ತಂದಿಟ್ರ ಅವಗ ಏನಂತ ಮುಖಾ ತೋರಸೂದು?”

“ಇದರಾಗ ಮುಖಾ ತೋರಸೂದು ಏನೈತ್ರಿ ಮಾವಾರ. ನನ್ನ ಕಾಗದಾ, ನನ್ನ ರೊಕ್ಕಾ.”

ನನ್ನ ರೊಕ್ಕ ಎಂಬ ಮಾತನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಅಂಗಡಿಯ ಗಳಿಕೆ, ಮಗ ಪ್ರಭುರಾಜನ ಸಂಬಳ, ಸೊಸೆಯ ಗೌರವಧನ ಎಲ್ಲವೂ ಮನೆಯೊಡತಿ ಶೇಖರಮ್ಮನ ಕೈಗೆ ಹೋಗಿ, ಅಲ್ಲಿಂದ ಆಳೆತ್ತರದ ಕಬ್ಬಿಣದ ತಿಜೋರಿ ಸೇರುತ್ತಿದ್ದವು. ತಿಜೋರಿಯ ಕೀಲಿ ಅವಳ ಸೊಂಟದಲ್ಲಿ ಇರುತ್ತಿತ್ತು. ಒಲೆಯ ಮುಂದಿದ್ದ ಶೇಖರಮ್ಮ ತಿರುಗಿ ನೋಡಲಿಲ್ಲ. ಹೆಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿ, ರೊಕ್ಕ ಎಣಿಸಿಕೊಳ್ಳುವವಳಿಗೆ ರೊಟ್ಟಿ ಬಡಿಯುವ ಕೈ ಎಲ್ಲಿಂದ ಬರಬೇಕು ಎಂದಷ್ಟೇ ಅಂದಳು.

ಪ್ರಭುರಾಜ ಕೈ ತೊಳೆದು ಎದ್ದ. ಅವನು ಕುಷ್ಟಗಿಯ ಪತ್ತಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಬಸ್ಸಿಗೆ ಹೊತ್ತಾಯಿತು ಎನ್ನುವುದು ಮನೆಯ ಜಗಳಗಳಲ್ಲಿ ಅವನ ಖಾಯಂ ಮಾತು.

ಅಮೃತಾಳಿಗೆ ಮೂವತ್ತೊಂದು ವರ್ಷ. ಬಿ.ಎಸ್ಸಿ., ಬಿ.ಇಡಿ. ಮಾಡಿಕೊಂಡು, ನಾಲ್ಕು ವರ್ಷದಿಂದ ತಳಕಲ್ಲಿನ ಪ್ರೌಢಶಾಲೆಯಲ್ಲಿ ಗಣಿತದ ಅತಿಥಿ ಶಿಕ್ಷಕಿಯಾಗಿದ್ದಳು. ಅತಿಥಿ ಎಂದರೆ ಏಪ್ರಿಲ್ಲಿನಲ್ಲಿ ಮನೆಗೆ ಕಳಿಸುತ್ತಾರೆ, ಜೂನ್‌ನಲ್ಲಿ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಖಾಸಗಿ ವಿದ್ಯಾಸಂಸ್ಥೆಯೊಂದು ತನ್ನ ವಸತಿ ಶಾಲೆಗಳಿಗೆ ಖಾಯಂ ಶಿಕ್ಷಕರನ್ನು ಹಿಂದಿನ ವರ್ಷ ಕರೆದಾಗ ಅವಳು ಅರ್ಜಿ ಹಾಕಿದ್ದಳು. ಹೆಸರೂ ಬಂದಿತ್ತು. ಶನಿವಾರ ಕೊಪ್ಪಳದಲ್ಲಿ ಮೂಲ ದಾಖಲೆಗಳ ಪರಿಶೀಲನೆ ಇತ್ತು. ಅದೇ ವಾರದ ಸೋಮವಾರ ಸಂಜೆ ಅವಳು ಪ್ರತಿ ಮಾಡಿಸಲು ರುದ್ರೇಶನ ಅಂಗಡಿಗೆ ಹೋದಳು. ರುದ್ರೇಶ ಎಂದರೆ ಈಶಪ್ಪನವರ ಮಗಳು ಐಶ್ವರ್ಯಳ ಗಂಡ. ಅಂಗಡಿ ಇರುವುದು ತಹಸೀಲ್ದಾರ್ ಕಚೇರಿಯ ಎದುರು. ಅಲ್ಲಿ ಅಮೃತಾ ಬಿ.ಇಡಿ. ಅಂಕಪಟ್ಟಿಯನ್ನು ಮಶೀನಿನ ಮುಚ್ಚಳದೊಳಗೇ ಬಿಟ್ಟು ಬಂದಳು. ಝರಾಕ್ಸ್ ಮಾಡಿಸುವವರು ಯಾರಾದರೂ ಒಮ್ಮೆ ಮಾಡಿಯೇ ಮಾಡುವ ತಪ್ಪು ಅದು.

ಮರುದಿನ ಅದು ಗೊತ್ತಾದಾಗ ಅವಳು ಅಂಗಡಿಗೆ ಹೊರಟಿದ್ದಳು. ಶೇಖರಮ್ಮ ತಡೆದಳು. ಮನೆಯ ಸೊಸೆ ಅಳಿಯನ ಅಂಗಡಿ ಮುಂದೆ ನಿಂತು ಕಳೆದ ವಸ್ತು ಕೇಳಿದರೆ ಕಳವಿನ ಮಾತಾಗುತ್ತದೆ, ನಾನು ಕೇಳುತ್ತೇನೆ ಎಂದಳು. ಕೇಳಿ ಬಂದವಳು, ಹುಡುಕುತ್ತಿದ್ದಾನೆ ಎಂದು ಹೇಳಿದಳು. ಶನಿವಾರ ಕೊಪ್ಪಳದಲ್ಲಿ ಮೂಲ ಪ್ರತಿ ಇಲ್ಲದವರನ್ನು ಒಳಗೆ ಬಿಡಲಿಲ್ಲ. ಹನ್ನೆರಡನೇ ದಿನ ಅಂಕಪಟ್ಟಿ ಮನೆಗೆ ಬಂತು. ಮಶೀನಿನ ಹಿಂದೆ ಬಿದ್ದಿತ್ತಂತೆ ಎಂದು ಶೇಖರಮ್ಮ ಹೇಳಿದಳು.

ಅದೇ ಸಂಸ್ಥೆ ಈ ವರ್ಷವೂ ಕರೆದಿತ್ತು. ಗಣಿತಕ್ಕೆ ಖಾಲಿ ಇದ್ದದ್ದು ಈ ಸಲವೂ ಗಂಗಾವತಿಯಲ್ಲಿ ಒಂದೇ ಹುದ್ದೆ, ಜೊತೆಗೆ ಇರಲು ಕ್ವಾರ್ಟರ್ಸ್. ಯಲಬುರ್ಗಾದಿಂದ ಅದು ದಿನಾ ಹೋಗಿ ಬರುವ ದಾರಿಯಲ್ಲ. ಹನ್ನೊಂದು ದಾಖಲೆಗಳನ್ನು ಬೇರೆಬೇರೆಯಾಗಿ ಸ್ಕ್ಯಾನ್ ಮಾಡಿ, ಒಂದೊಂದೂ ಇನ್ನೂರು ಕೆ.ಬಿ. ಮೀರದಂತೆ ಆನ್‌ಲೈನಿನಲ್ಲಿ ಸೇರಿಸಬೇಕಿತ್ತು. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ತಿರಸ್ಕರಿಸಲಾಗುವುದು ಎಂದು ಪ್ರಕಟಣೆಯಲ್ಲೇ ಇತ್ತು. ಕೊನೆಯ ದಿನ ಜುಲೈ ಇಪ್ಪತ್ತೆಂಟು, ಸೋಮವಾರ. ವಯಸ್ಸಿನ ಮಿತಿ ಮೂವತ್ತೆರಡು. ಅಮೃತಾಳಿಗೆ ಇದು ಕೊನೆಯ ಅವಕಾಶ. ಈ ಸಲ ಕಾಗದಗಳು ರುದ್ರೇಶನ ಕೈ ದಾಟಿ ಹೋಗಬಾರದು ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ಊರಲ್ಲಿ ಬೇರೆ ಅಂಗಡಿಗಳು ಇರಲಿಲ್ಲವೆಂದಲ್ಲ. ಯುಗಾದಿಯ ಹೊತ್ತಿಗೆ ಪ್ರಭುರಾಜ ಬೇರೊಂದು ಅಂಗಡಿಯಲ್ಲಿ ಎರಡು ಹಾಳೆ ಪ್ರತಿ ಮಾಡಿಸಿದ್ದ. ಅದು ತಾಸಿನೊಳಗೆ ರುದ್ರೇಶನಿಗೆ ತಿಳಿಯಿತು. ಐಶ್ವರ್ಯ ಹದಿನೈದು ದಿನ ತವರಿನ ಹೊಸ್ತಿಲು ತುಳಿದಿರಲಿಲ್ಲ.

ಜಗಳವಾದ ಗುರುವಾರ ಸಂಜೆಗೇ ಅವಳು ಬಂದಳು. ಎರಡು ಓಣಿ ಆಚೆ ಮನೆ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ, ಹಿಟ್ಟು ಜರಡಿ ಹಿಡಿಯುತ್ತಿದ್ದ ಅಮೃತಾಳ ಎದುರು ನಿಂತಳು.

“ವೈನಿ, ಒಂದ್ ಮಾತು ನೆಟ್ಟಗ ಹೇಳಿಬಿಡ್ರಿ. ನನ್ನ ಗಂಡ ನಿಮ್ಮ ಕಾಗದಾ ಕದ್ದಾನಂತ ಅಂತೀರೇನು?”

“ಕದ್ದಾರಂತ ನಾ ಅಂದಿಲ್ಲ.”

“ಮತ್ತ ಮಶೀನ್ ಯಾಕ?”

“ಮನ್ಯಾಗ ಮಿಕ್ಸರ್ ಐತಿ. ಗಿರಣಿಯವ ಬಂದು ನಿನ್ನಂಗ ಕೇಳಿಲ್ಲ.”

ಐಶ್ವರ್ಯ ಅಲ್ಲಿಂದ ತಂದೆಯ ಹತ್ತಿರ ಹೋದಳು. ವೈನಿಯ ಅಹಂಕಾರ, ಗಂಡನ ಅಂಗಡಿಯ ಬಾಡಿಗೆ, ಮಂದಿ ಆಡುವ ಮಾತು, ಎಲ್ಲವನ್ನೂ ಹೇಳಿ ಅತ್ತಳು. ಚಹಾ ಕುಡಿಯದೆ ಹೋದಳು. ಅದನ್ನು ಶೇಖರಮ್ಮ ಮೂರು ದಿನ ನೆನೆಸಿದಳು.

ಪ್ರಭುರಾಜ ಭಾನುವಾರ ಒಂದು ರಾಜಿ ಸೂಚಿಸಿದ. ಅಂಗಡಿಗೂ ಬೀಜದ ದರಪಟ್ಟಿ ಮುದ್ರಿಸಲು ಬೇಕಾಗುತ್ತದೆ, ಅಪ್ಪನ ಕೆಲಸಕ್ಕೆಂದು ತಂದರೆ ರುದ್ರೇಶನಿಗೂ ಹೇಳಲು ಬರುತ್ತದೆ ಎಂದ. ಈಶಪ್ಪನವರು ಒಪ್ಪಿದರು, ಎರಡು ಶರತ್ತು ಹಾಕಿ. ಮಶೀನನ್ನು ತಾವೇ ಆರಿಸುವುದು. ಐದು ಸಾವಿರ ಮೀರಬಾರದು. ರೊಕ್ಕ ಮಾತ್ರ ಅಮೃತಾಳದೇ ಎಂಬುದನ್ನು ಯಾರೂ ತಿದ್ದಲಿಲ್ಲ.

ಎರಡನೇ ಶನಿವಾರ ಮಾವ, ಮಗ, ಸೊಸೆ ಮೂವರೂ ಗಂಗಾವತಿಗೆ ಹೋದರು. ಕೊಪ್ಪಳದವರು ಬೆಲೆ ಏರಿಸಿ ಹೇಳುತ್ತಾರೆ ಎಂಬುದು ಈಶಪ್ಪನವರ ಹಳೆಯ ನಂಬಿಕೆ. ಶಫೀಸಾಬರ ಅಂಗಡಿ ಇದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ. ಅವರು ಇಪ್ಪತ್ತು ವರ್ಷ ಕಚೇರಿಗಳ ಮಶೀನು ರಿಪೇರಿ ಮಾಡಿದವರು, ಮಾರುವುದನ್ನು ಇತ್ತೀಚೆಗೆ ಶುರು ಮಾಡಿದ್ದರು. ಬೆಲೆ ಹೇಳುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ, ತಿಂಗಳಿಗೆ ಎಷ್ಟು ಹಾಳೆ?

“ಕೆಲವು ತಿಂಗಳು ಇಪ್ಪತ್ತು. ಕೆಲವು ತಿಂಗಳು ಒಂದೂ ಇಲ್ಲ,” ಎಂದಳು ಅಮೃತಾ.

ಶಫೀಸಾಬರು ಮೂರು ಮಶೀನು ತೋರಿಸಿದರು. ಮೊದಲನೆಯದು ಕಾರ್ಟ್ರಿಜ್ ಹಾಕುವಂಥದ್ದು, ನಾಲ್ಕು ಸಾವಿರದ ಮುನ್ನೂರು, ಬಣ್ಣವೂ ಬರುತ್ತದೆ. ಕಪ್ಪು ಕಾರ್ಟ್ರಿಜ್ ಮುಗಿದರೆ ಹೊಸದಕ್ಕೆ ಒಂಬೈನೂರರ ಹತ್ತಿರ, ಬಣ್ಣದ್ದು ಇನ್ನೂ ಹೆಚ್ಚು. ನೂರು-ನೂರಿಪ್ಪತ್ತು ಹಾಳೆಗೆ ಅದು ಖಾಲಿ. ಎರಡನೆಯದು ಇಂಕನ್ನು ಬಾಟಲಿಯಿಂದ ಸುರಿಯುವಂಥದ್ದು, ಹನ್ನೊಂದೂವರೆ ಸಾವಿರ. ಹಾಳೆಗೆ ಬೀಳುವ ಖರ್ಚು ಪೈಸೆಯ ಲೆಕ್ಕದ್ದು, ಆದರೆ ದಿನಾ ದುಡಿಸುವ ಮನೆಗೆ ತಕ್ಕದ್ದು. ಮೂರನೆಯದು ಲೇಸರ್. ಹೊಸದಕ್ಕೆ ಹದಿನಾರು ಸಾವಿರ, ಕಚೇರಿಯೊಂದರಿಂದ ಬಂದ ಹಳೆಯದನ್ನು ಅವರೇ ಬಿಚ್ಚಿ ಸರಿ ಮಾಡಿಟ್ಟಿದ್ದು ಎಂಟು ಸಾವಿರ, ಆರು ತಿಂಗಳ ಗ್ಯಾರಂಟಿ. ಬಣ್ಣ ಬರುವುದಿಲ್ಲ.

“ಲೇಸರ್‌ದಾಗ ಇರೂದು ಪೌಡರ್ ನೋಡ್ರಿ. ವರ್ಷ ಮುಚ್ಚಿಟ್ರೂ ಒಣಗಂಗಿಲ್ಲ. ಇವೆರಡರಾಗ ಇರೂದು ನೀರಿನಂಥಾ ಇಂಕ್. ವಾರಕ್ಕ ಒಂದ್ ಹಾಳಿ ತಗೀಲಿಲ್ಲಂದ್ರ ಒಣಗಿ ತೂತು ಮುಚ್ಚತಾವ. ನಿಮ್ಮಂಥಾ ಕಮ್ಮಿ ಕೆಲಸಕ್ಕ ಹಳೇ ಲೇಸರ್ ಛಲೋ.”

“ಅದನ್ನ ಕೊಡ್ರಿ,” ಎಂದಳು ಅಮೃತಾ.

ಈಶಪ್ಪನವರು ಲೇಸರ್ ಮಶೀನಿನ ಮೇಲೆ ಬೆರಳೆಳೆದು ನೋಡಿದರು. “ಮಂದಿ ಬಳಸಿ ಒಗದಿದ್ದು. ಎಂಟು ಸಾವಿರ ಕೊಟ್ಟು ಬಣ್ಣ ಇಲ್ಲದ್ದು ಒಯ್ಯಾಕ ನನಗೇನ್ ಹುಚ್ಚ ಹಿಡದೈತಿ?”

“ಸಾಹುಕಾರ್ರ, ಆ ಅಗ್ಗದ್ದು ಬೇಡ್ರಿ. ಕಂದೀಲು ಪುಕ್ಕಟೆ ಕೊಟ್ಟು ಎಣ್ಣಿ ಬಂಗಾರದ ರೇಟಿಗೆ ಮಾರೂ ಧಂದೆ ಅದು. ಮಾರಾವ ನಾನ ಹೇಳಾಕತ್ತೇನಿ.”

“ಮಾರಾವ ತುಟ್ಟೀದು ಬಿಟ್ಟು ಅಗ್ಗದ್ದು ತೊಗೋ ಅಂದಾನೇನು? ನಾನೂ ಮೂವತ್ತು ವರ್ಷ ಅಂಗಡ್ಯಾಗ ಕುಂತಾವ.”

ಅಮೃತಾ ಗಂಡನ ಕಡೆ ನೋಡಿದಳು. ಅವನು ಗೋಡೆಯ ಮೇಲಿನ ದರಪಟ್ಟಿ ಓದುತ್ತಿದ್ದ. ಈಶಪ್ಪನವರು ಮುಕ್ಕಾಲು ತಾಸು ಚೌಕಾಶಿ ಮಾಡಿ ಅಗ್ಗದ ಮಶೀನನ್ನು ನಾಲ್ಕು ಸಾವಿರಕ್ಕೆ ಇಳಿಸಿದರು, ಐನೂರು ಹಾಳೆಯ ಕಟ್ಟೊಂದನ್ನು ಮೇಲೆ ಹಾಕಿಸಿಕೊಂಡರು. ಹಣ ಅಮೃತಾ ಕೊಟ್ಟಳು. ಬಿಲ್ಲಿನ ಮೇಲೆ ಈಶಪ್ಪನವರ ಅಂಗಡಿಯ ಹೆಸರು ಬರೆಸಲಾಯಿತು. ಬಸ್ಸು ಹತ್ತಿದರು. ಕೊಪ್ಪಳ ದಾಟಿದ ಮೇಲೆ ಈಶಪ್ಪನವರು, ಮುನ್ನೂರು ಉಳಿಸಿದ್ದನ್ನು ಯಾರೂ ಅನ್ನುವುದಿಲ್ಲ ಎಂದರು. ಆಗಲೂ ಯಾರೂ ಅನ್ನಲಿಲ್ಲ.

ಸೋಮವಾರ ಮಶೀನಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅಂಗಡಿಯ ಹೆಸರಿನ ಒಂದು ಹಾಳೆಯನ್ನು ಬಣ್ಣದಲ್ಲಿ ತೆಗೆದರು. ಅದಾದ ಮೇಲೆ ಅದನ್ನು ಎಲ್ಲಿಡಬೇಕು ಎಂಬ ಮಾತು ಬಂತು. ಅಮೃತಾ ತನ್ನ ಕೋಣೆಯ ಮೇಜು ಎಂದಳು. ಧೂಳು ಬೀಳುತ್ತದೆ ಎಂದಳು ಶೇಖರಮ್ಮ. ನಿನ್ನ ಕಾಗದಗಳು ಕಳೆಯುತ್ತವೆ ಎಂದು ಊರಿಗೆಲ್ಲ ಹೇಳಿದ್ದೀಯಲ್ಲ, ಮಶೀನು, ಕಾಗದ ಎರಡೂ ತಿಜೋರಿಯಲ್ಲಿರಲಿ ಎಂದರು ಈಶಪ್ಪನವರು. ಅದಕ್ಕೆ ಅಮೃತಾ ಬೇಡವೆನ್ನಲಿಲ್ಲ. ಕಬ್ಬಿಣದ ಬಾಗಿಲಿನ ಒಳಗಿಂತ ಭದ್ರವಾದ ಜಾಗ ಮನೆಯಲ್ಲಿ ಬೇರೆ ಇರಲಿಲ್ಲ. ಆವರೆಗೆ ಕೈಸೇರಿದ್ದ ಹತ್ತು ದಾಖಲೆಗಳ ಕಡತವನ್ನು ಅವಳೇ ಮಶೀನಿನ ಮೇಲಿಟ್ಟಳು. ಶೇಖರಮ್ಮ ಕೀಲಿ ತಿರುಗಿಸಿದಳು.

ಮೊದಲ ವಾರ ಕಳೆದಾಗ ಅಮೃತಾ ಒಂದು ಹಾಳೆ ತೆಗೆಯಬೇಕು, ಕೀಲಿ ಕೊಡಿ ಎಂದು ಕೇಳಿದಳು.

“ಏನ್ ತಗೀತಿ?”

“ಏನರ ಒಂದು. ಶಫೀಸಾಬರು ಹೇಳ್ಯಾರ, ವಾರಕ್ಕೊಂದು ತಗೀದಿದ್ರ ಇಂಕ್ ಒಣಗ್ತೈತಿ.”

“ಇಂಕ್ ಉಳಸಾಕ ಇಂಕ್ ಸುಡ್ಬೇಕು. ಇಂಥಾ ಸಂಸಾರ ನಾ ಎಲ್ಲೂ ನೋಡಿಲ್ಲ ತಾಯಿ.”

ಈಶಪ್ಪನವರೂ ಹೆಂಡತಿಯ ಪಕ್ಷ ಹಿಡಿದರು. ಬೀಜದ ಚೀಲ ಬಿಚ್ಚದಿದ್ದರೆ ಬೀಜ ಕೆಡುವುದಿಲ್ಲ, ಗೊಬ್ಬರ ಮುಟ್ಟದಿದ್ದರೆ ಗೊಬ್ಬರ ಕರಗುವುದಿಲ್ಲ, ಬಳಸದ ವಸ್ತು ಹಾಳಾಗುತ್ತದೆ ಎಂಬ ಮಾತು ಮಾರುವವರು ಹುಟ್ಟಿಸಿದ್ದು ಎಂದರು. ಎರಡನೇ ವಾರ ಅಮೃತಾ ಮತ್ತೆ ಕೇಳಿದಳು. ಮೂರನೇ ವಾರವೂ ಕೇಳಿದಳು. ಆಷಾಢದ ಒಣಗಾಳಿ ಎದ್ದು ಮನೆಯೊಳಗಿನ ಹಿಟ್ಟು ಕೂಡ ಗರಿಗರಿ ಅನ್ನುವ ದಿನಗಳವು. ಆ ದಿನಗಳಲ್ಲಿ ಸೊಸೆಗೆ ಅತ್ತೆ ಹೇಳುತ್ತಿದ್ದದ್ದು ಅಡುಗೆಯ ಮಾತು ಮಾತ್ರ, ಅದೂ ಮುಖ ನೋಡದೆ.

ಅತ್ತ ರುದ್ರೇಶನ ಅಂಗಡಿಗೂ ಸುದ್ದಿ ತಲುಪಿತ್ತು. ಪಕ್ಕದ ಅಂಗಡಿಯವರು ಚಹಾದ ಹೊತ್ತಿಗೆ, ಮಾವನ ಮನೆಯವರೇ ಬಾರದ ಮೇಲೆ ಶಟರ್ ಎಳೆದು ಮಲಗು ಎಂದು ನಗೆಯಾಡಿದರು. ಅವನು ಮನೆಗೆ ಬಂದು ಹೆಂಡತಿಯ ಮೇಲೆ ಕೂಗಾಡಿದ. ಐಶ್ವರ್ಯ ಮಾರನೇ ದಿನ ಬಂದು ತಾಯಿಯ ಮುಂದೆ ಕೂಗಾಡಿದಳು. ಶೇಖರಮ್ಮ ಮಗಳನ್ನು ಸಮಾಧಾನ ಮಾಡಿ, ಎಲ್ಲದಕ್ಕೂ ಮೂಲ ನಿನ್ನ ವೈನಿ ಎಂದಳು.

ಅನುಭವದ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ರೇಣುಕಮ್ಮನವರ ಸಹಿ ಸಿಕ್ಕಿದ್ದು ಜುಲೈ ಹತ್ತೊಂಬತ್ತಕ್ಕೆ. ಮರುದಿನ ಭಾನುವಾರ ಅಮೃತಾ ಜಗಳವಾಡಿಯೇ ಮಶೀನು ಹೊರಗೆ ತೆಗೆಸಿದಳು. ಮೊದಲ ಹಾಳೆ ಬಿಳಿ ಪಟ್ಟಿಗಳೊಂದಿಗೆ ಬಂತು. ಎರಡನೆಯದರಲ್ಲಿ ಅಕ್ಷರಗಳೇ ಇರಲಿಲ್ಲ. ಮೂರನೇ ಸಲ ಕೆಂಪು ದೀಪ ಮಿಣುಕಿ ಮಶೀನು ನಿಂತಿತು. ಸ್ಕ್ಯಾನಾದರೂ ಆಗಲೆಂದು ಅವಳು ನೋಡಿದಳು. ಕಾರ್ಟ್ರಿಜ್ ಬದಲಿಸುವ ತನಕ ಆ ಮಶೀನು ಸ್ಕ್ಯಾನನ್ನೂ ಮಾಡದು ಎಂಬುದು ಆಗ ತಿಳಿಯಿತು.

“ಚಾಲೂ ಮಾಡಾಕ ಬರಂಗಿಲ್ಲ, ಮಶೀನ್ ಕೆಟ್ಟೈತಿ ಅಂತಾಳ,” ಎಂದಳು ಶೇಖರಮ್ಮ. ಹನ್ನೊಂದನೆಯದೂ ಸೇರಿದ ಕಡತವನ್ನು ಮತ್ತೆ ತಿಜೋರಿಯಲ್ಲಿಟ್ಟು ಕೀಲಿ ತಿರುಗಿಸಿದಳು.

ಕಾರ್ಟ್ರಿಜ್ ಯಲಬುರ್ಗಾದಲ್ಲಿ ಸಿಗಲಿಲ್ಲ. ರುದ್ರೇಶನ ಹತ್ತಿರ ಇತ್ತೇನೋ, ಕೇಳುವವರಿರಲಿಲ್ಲ. ಪ್ರಭುರಾಜ ಕುಷ್ಟಗಿಯಿಂದ ತರುತ್ತೇನೆಂದ. ಎರಡು ದಿನ ಮರೆತ. ಗುರುವಾರ ತಂದದ್ದು ಬೇರೆ ನಂಬರಿನದಾಗಿತ್ತು. ಶುಕ್ರವಾರ ಅದನ್ನು ಮರಳಿಸಿದ, ಶನಿವಾರ ಬರಿಗೈಯಲ್ಲಿ ಬಂದ. ಉಳಿದದ್ದು ಭಾನುವಾರ ಮತ್ತು ಸೋಮವಾರ. ಸೋಮವಾರ ನಾಗಚೌತಿ, ಅಂಗಡಿಗಳೆಲ್ಲ ಬಾಗಿಲು ಮುಚ್ಚುವ ದಿನ.

ಭಾನುವಾರ ರೊಟ್ಟಿ ಹಬ್ಬ. ಮಗಳು-ಅಳಿಯನಿಗೆ ಊಟದ ಕರೆ ಹೋಗಿತ್ತು. ಅಮೃತಾ ನಾಲ್ಕು ದಿನ ಶಾಲೆಗೆ ಹೋಗುವ ಮೊದಲು ಬಡಿದಿಟ್ಟ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗಳು ಬುಟ್ಟಿಯಲ್ಲಿದ್ದವು. ಎಣ್ಣೆಗಾಯಿ, ಮಡಕೆಕಾಳು, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಕೆನೆಮೊಸರು. ಊಟಕ್ಕೆ ಮೊದಲು ಈಶಪ್ಪನವರು ಅಳಿಯನಿಗೆ, ಬಂದದ್ದಕ್ಕೆ ಆ ಮಶೀನೊಂದು ನೋಡಿಬಿಡಿ ಎಂದರು. ಕೇಳುವುದು ಅವರಿಗೆ ಸುಲಭವಾಗಿರಲಿಲ್ಲ.

ರುದ್ರೇಶ ಮುಚ್ಚಳ ತೆಗೆದು ಕಾರ್ಟ್ರಿಜ್ ಹೊರಗೆಳೆದ. ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯ ಮೇಲೆ ಒತ್ತಿ ನೋಡಿದ. ಕಲೆಯೂ ಬೀಳಲಿಲ್ಲ.

“ಒಣಗಿ ಕಲ್ಲ ಆಗೈತಿ. ಐದು ವಾರ ತಿಜೋರ್‍ಯಾಗ ಇಟ್ರ ಇನ್ನೇನಾಗ್ತೈತಿ?” ಎಂದು ಅವನು ಕೈ ಒರೆಸಿಕೊಂಡ. “ಕಾಗದಾ ಕೊಟ್ಟು ಕಳಸ್ರಿ ಮಾವಾರ. ಊಟ ಆದ ಮ್ಯಾಲ ಶಟರ್ ತಗದು ಮಾಡಿ ಕೊಡ್ತೇನಿ. ಅರ್ಧಾ ತಾಸಿನ ಕೆಲಸ.”

ಎಲ್ಲರೂ ಅಮೃತಾಳ ಕಡೆ ನೋಡಿದರು. ಅವಳು ತಾಟಿಗೆ ಹಿಂಡಿ ಹಾಕುತ್ತಿದ್ದಳು.

“ಹ್ವಾದ ವರ್ಷ ನನ್ನ ಮಾರ್ಕ್ಸ್ ಕಾರ್ಡ್ ನಿಮ್ಮ ಅಂಗಡ್ಯಾಗ ಹನ್ನೆರಡು ದಿನ ಬಿದ್ದಿತ್ತು. ಈ ಸಲ ಕೊಡಂಗಿಲ್ಲ. ನಾಳಿ ಕೊಪ್ಪಳಕ್ಕರ ಹೋಗ್ತೇನಿ, ಹುಬ್ಬಳ್ಳಿಗರ ಹೋಗ್ತೇನಿ.”

ರುದ್ರೇಶ ತಾಟು ಮುಂದಕ್ಕೆ ಸರಿಸಿದ. “ಹನ್ನೆರಡು ದಿನ ಅಂತ ನಿಮಗ ಯಾರು ಹೇಳ್ಯಾರ?”

“ಅತ್ತಿಯಾರು.”

“ನಾಕು ತಾಸೂ ಇರ್ಲಿಲ್ಲ ವೈನಿ. ಸೋಮವಾರ ಶಟರ್ ಎಳಿಯೂ ಮುಂದ ಮುಚ್ಚಳದಾಗ ಸಿಕ್ತು. ಹಾದ್ಯಾಗ ಮನಿ. ತಂದು ಅತ್ತಿಯಾರ ಕೈಯಾಗ ಕೊಟ್ಟೆ. ಇಲ್ಲೇ, ಈ ಹೊಸ್ತಿಲದಾಗ. ಕೇಳ್ರಿ ಅವರನ್ನ.”

ಹಬ್ಬದ ರೊಟ್ಟಿ ಕೊಡಲು ಬಂದ ಪಕ್ಕದ ಮನೆಯ ಹಜರತಬೀ ಬಾಗಿಲಲ್ಲೇ ತಾಟು ಇಟ್ಟು, ಆಮೇಲೆ ಬರುತ್ತೇನೆಂದು ಹೋದಳು. ಅವರದು ಬೇರೆ ಹಬ್ಬಗಳಾದರೂ ರೊಟ್ಟಿಯ ಕೊಡುಕೊಳ್ಳುವಿಕೆ ಆ ಓಣಿಯಲ್ಲಿ ಎಲ್ಲರದು. ಅವಳ ಹೆಜ್ಜೆ ಸಪ್ಪಳ ನಿಂತ ಮೇಲೆ ಐಶ್ವರ್ಯ ಗಂಡನನ್ನು ಕೇಳಿದಳು.

“ಗೊತ್ತಿದ್ದೂ ವರ್ಷಪೂರ್ತಿ ಬಾಯಿ ಮುಚಗೊಂಡು ಕುಂತಿದ್ರಿ?”

“ಅವರು ಏನ್ ಹೇಳಿ ಇಟಗೊಂಡಾರ ಅಂತ ನನಗ ಗೊತ್ತಾಗಿದ್ದ ಆಮ್ಯಾಲ. ಬಾಯಿ ಬಿಡಬ್ಯಾಡ ಅಂದ್ರು. ಅಳಿಯ ಆದಾವ ಅತ್ತಿ ಮ್ಯಾಲ ದೂರು ಹೇಳೂ ಪದ್ಧತಿ ನಮ್ಮ ಮನ್ಯಾಗಂತೂ ಇಲ್ಲ.”

ಶೇಖರಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಒಲೆಯ ಮುಂದಿನಿಂದ ಎದ್ದಳು. ಅವಳ ದನಿ ಏರಲಿಲ್ಲ.

“ಹೌದು, ನಾನ ಇಟ್ಟಿದ್ದೆ. ನನ್ನ ಲಗ್ನದ ಸೀರಿ ನಡುವ, ಒಂದ್ ಮಡಿಕಿ ಬೀಳದಂಗ. ಹರೀಲಿಲ್ಲ, ಕಳೀಲಿಲ್ಲ.”

“ಯಾಕ್ರಿ ಅತ್ತಿ?”

“ಯಾಕಂತ ಕೇಳ್ತಿಯಾ? ನೀ ಗಂಗಾವತ್ಯಾಗ ಕ್ವಾರ್ಟರ್ಸ್ ಹಿಡದ್ರ ಇಲ್ಲಿ ಒಲಿ ಹಚ್ಚಾವ್ರು ಯಾರು? ಹದಿನೆಂಟಕ್ಕ ಈ ಮನಿಗೆ ಬಂದಾಕಿ ನಾನು. ನಲವತ್ತು ವರ್ಷ ಹೊಗಿ ಕುಡದೇನಿ. ನೀ ಎಲ್ಲೆರ ಅರ್ಜಿ ಹಾಕ್ತಿಯೇನವಾ ಅಂತ ನನಗ್ಯಾರು ಕೇಳಿದ್ರು?”

“ಆಗ ಕೇಳದವರನ್ನ ನೀವು ಕೇಳಬೇಕಿತ್ರಿ. ನನ್ನ ಮಾರ್ಕ್ಸ್ ಕಾರ್ಡ್ ಏನ್ ಮಾಡಿತ್ತು?”

ಈಶಪ್ಪನವರು ಹೆಂಡತಿಯ ಮೇಲೆ ಸಿಟ್ಟಾದರು. ಆ ಸಿಟ್ಟು ಅಂಕಪಟ್ಟಿಗಾಗಿ ಅಲ್ಲ. ತಮಗೆ ಹೇಳಿದ್ದರೆ ಈ ನಾಲ್ಕು ಸಾವಿರದ ಮಶೀನು ತರುವ ಪ್ರಮೇಯವೇ ಇರಲಿಲ್ಲ, ಅಳಿಯನೆದುರು ತಲೆ ತಗ್ಗಿಸುವುದೂ ಇರಲಿಲ್ಲ ಎಂದರು. ಅಮೃತಾ ಗಂಡನ ಎದುರು ಹೋಗಿ ನಿಂತಳು. ಅವನು ರೊಟ್ಟಿಯನ್ನು ಮೊಸರಿನಲ್ಲಿ ಅದ್ದಿ ಹಿಡಿದುಕೊಂಡಿದ್ದ.

“ನಿಮಗ ಗೊತ್ತಿತ್ತೇನು?”

“ಊಟ ಆಗ್ಲಿ ತಡಿ.”

“ಗೊತ್ತಿತ್ತೇನ್ರಿ?”

“ಹ್ವಾದ ವರ್ಷ, ಆ ಗುರುವಾರನ ಗೊತ್ತಾತು,” ಎಂದ ಪ್ರಭುರಾಜ. “ಅವ್ವ ಟ್ರಂಕ್ ತಗದಾಗ ಕಂಡೆ. ಕೊಡ್ತಾಳ ಬಿಡು ಅನಕೊಂಡೆ.”

ಪರಿಶೀಲನೆ ಇದ್ದದ್ದು ಶನಿವಾರ. ಶನಿವಾರ ಅವಳನ್ನು ಕೊಪ್ಪಳಕ್ಕೆ ಕರೆದುಕೊಂಡು ಹೋದವನು ಅವನೇ. ಬಾಗಿಲಲ್ಲಿ ಅವಳನ್ನು ತಡೆದಾಗ ಪಕ್ಕದಲ್ಲಿ ನಿಂತಿದ್ದ. ಮರಳಿ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಕಬ್ಬಿನ ಹಾಲು ಕುಡಿಸಿದ್ದ.

ಅಮೃತಾ ಅವನ ಎದುರಿನಿಂದ ಸರಿದು ಅತ್ತೆಯ ಮುಂದೆ ಕೈ ಚಾಚಿದಳು. “ಕೀಲಿ ಕೊಡ್ರಿ.”

“ಹಬ್ಬದ ಊಟ ನಡದೈತಿ. ಆಮ್ಯಾಲ.”

“ಈಗ ಕೊಡ್ರಿ.”

“ಕೊಡಂಗಿಲ್ಲಂದ್ರ ಏನ್ ಮಾಡ್ತಿ?”

ಎದ್ದು ಬಂದದ್ದು ಐಶ್ವರ್ಯ. ಎಂಜಲು ಕೈಯನ್ನು ಹಿಂದಕ್ಕೆ ಹಿಡಿದು, ಎಡಗೈಯಿಂದ ತಾಯಿಯ ಸೊಂಟದ ಕೀಲಿಗೊಂಚಲು ಎಳೆದಳು. ಶೇಖರಮ್ಮ ಮಗಳ ಮುಂಗೈ ಹಿಡಿದಳು. ತಾಯಿ-ಮಗಳು ಒಂದು ಗಳಿಗೆ ಹಾಗೆಯೇ ನಿಂತಿದ್ದರು. ಗೊಂಚಲಿನ ಕೊಂಡಿ ಬಿಚ್ಚಿಕೊಂಡಿತು. ಐಶ್ವರ್ಯ ತಿಜೋರಿ ತೆಗೆದಳು. ಕಡತವನ್ನು ತಂದು ಅಮೃತಾಳ ಎದೆಗೆ ಒತ್ತಿದಳು.

“ನಿಮ್ಮ ಸಲುವಾಗಿ ಮಾಡಿಲ್ಲ ವೈನಿ, ತಪ್ಪ ತಿಳಕೋಬ್ಯಾಡ್ರಿ. ವರ್ಷಪೂರ್ತಿ ನನ್ನ ಗಂಡನ ಅಂಗಡಿ ಹೆಸರು ಕೆಡಸೀರಿ. ಇವತ್ತು ಅದ ಅಂಗಡ್ಯಾಗ ಕುಂತು ಅರ್ಜಿ ಹಾಕ್ರಿ. ಮಂದಿ ನೋಡ್ಲಿ.”

ಅಮೃತಾ ಅಲ್ಲೇ ನೆಲದ ಮೇಲೆ ಕೂತು ಕಡತ ಬಿಚ್ಚಿ ನೋಡಿದಳು. ಹನ್ನೊಂದೂ ಇದ್ದವು. ಚಪ್ಪಲಿ ಮೆಟ್ಟಿ ಹೊರಟಳು. ಕೈ ತೊಳೆದುಕೊಂಡು ರುದ್ರೇಶ ಹಿಂದೆ ಹೊರಟ. ಅಂಗಡಿ ಬಂದಾಗ, ನಾನು ತಪ್ಪು ತಿಳಿದುಕೊಂಡಿದ್ದೆ ಎಂದು ಅವಳು ಹೇಳಿದಳು. ತಿಳಿದುಕೊಂಡಿದ್ದನ್ನು ಊರಿಗೂ ಹೇಳಿದ್ದಿರಿ ಎಂದು ಅವನು ಶಟರ್ ಮೇಲೆತ್ತಿದ.

ಸ್ಕ್ಯಾನಿಗೆ ಮೂವತ್ತೈದು ನಿಮಿಷ ಹಿಡಿಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಳೆಯದು, ಮೊದಲ ಸಲ ಇನ್ನೂರ ನಲವತ್ತು ಕೆ.ಬಿ. ಬಂತು. ಅವನು ಎರಡನೇ ಸಲ ಅಳತೆ ಇಳಿಸಿ ಮಾಡಿದ. ಬೇರೆ ಗಿರಾಕಿಗೆ ಹೇಗೋ ಹಾಗೆ ಹೆಸರು, ಹುಟ್ಟಿದ ದಿನ, ಜಾತಿ, ವಿದ್ಯಾರ್ಹತೆ ಎಂದು ಒಂದೊಂದೇ ಕೇಳುತ್ತ ಒತ್ತಿದ. ಅವಳು ನಿಂತೇ ಉತ್ತರ ಕೊಟ್ಟಳು. ಕುರ್ಚಿ ಇತ್ತು, ಅವನು ಕೂತುಕೊಳ್ಳಿ ಎನ್ನಲಿಲ್ಲ.

ಮೂರೂವರೆಗೆ ಪ್ರಭುರಾಜ ಬೈಕಿನಲ್ಲಿ ಬಂದು ಶಟರಿನ ಹೊರಗೆ ನಿಂತ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅವ್ವ ಉಂಡಿಲ್ಲ ಎಂದ. ಅಮೃತಾ ತಿರುಗಲಿಲ್ಲ.

ಕೊನೆಯ ಪುಟದಲ್ಲಿ ವಸತಿಯ ವಿವರವಿತ್ತು. ಕ್ವಾರ್ಟರ್ಸ್ ಬೇಕೇ ಎಂಬಲ್ಲಿ ಹೌದು ಎಂದಳು. ರುದ್ರೇಶ ಮುಂದಿನ ಸಾಲಿಗೆ ಬಂದು ನಿಂತ. ಹೆಂಡತಿಯ ಅಣ್ಣನನ್ನು ನೋಡಿ, ಮತ್ತೆ ಪರದೆ ನೋಡಿದ.

“ಎಷ್ಟ್ ಮಂದಿ ಇರ್ತೀರಿ ಅಂತ ಕೇಳ್ತೈತಿ. ಖಾಲಿ ಬಿಟ್ರ ಮುಂದ ಹೋಗಂಗಿಲ್ಲ.”

“ಎರಡು ಹಾಕು,” ಎಂದ ಪ್ರಭುರಾಜ ಮೆಟ್ಟಿಲಿನಿಂದ.

“ಒಂದು,” ಎಂದಳು ಅಮೃತಾ.

ರುದ್ರೇಶನ ಬೆರಳು ಗುಂಡಿಯ ಮೇಲೆ ನಿಂತಿತ್ತು. “ಕಳಿಸಿದ ಮ್ಯಾಲ ತಿದ್ದಾಕ ಬರಂಗಿಲ್ಲ ವೈನಿ.”

“ಗೊತ್ತೈತಿ. ಒತ್ರಿ.”